ಕಬ್ಬಿಣ ತೇಲಿದ ವರ್ಷ

ಆ ಚಳಿಗಾಲದ ಒಂದು ಬೆಳಿಗ್ಗೆ ನಮ್ಮೂರಿನ ಲಂಗರುಗಳೆಲ್ಲ ತಾವಾಗಿಯೇ ಎದ್ದು ಬಂದವು. ಮೀನಿನ ದೋಣಿಗಳು ಹಿಂದಿನ ಸಂಜೆ ನಿಲ್ಲಿಸಿದ್ದ ಜಾಗದಲ್ಲಿರಲಿಲ್ಲ. ಹಟ್ಟಿಯಿಂದ ಬಿಟ್ಟ ಕುರಿಗಳ ಹಾಗೆ ಕೊಲ್ಲಿಯ ತುಂಬ ಚೆದುರಿಹೋಗಿದ್ದವು, ಒಂದೊಂದರ ಪಕ್ಕದಲ್ಲೂ ಅದರದರ ಲಂಗರು ತೇಲುತ್ತಿತ್ತು. ಯಾರೋ ಗಾಳ ಎಸೆದು ನೋಡಿದರು, ಅದೂ ಮುಳುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾವಿಗಳಲ್ಲೂ ಅದೇ ಕಥೆ ಎಂದು ಗೊತ್ತಾಯಿತು. ಕಬ್ಬಿಣದ ಪಟ್ಟಿ ಬಿಗಿದ ಮರದ ಕೊಡಗಳು ನೀರಿನ ಮೇಲೆ ಕೂತು ಹಟ ಹಿಡಿದಿದ್ದವು.

ನಾನು ಕಮ್ಮಾರರ ಮನೆಯವಳು, ಹೆಸರು ಮೆಲಿತ್ತಾ. ಗಂಡ ಊರಲ್ಲಿಲ್ಲದ ಆರು ವರ್ಷದಿಂದ ಕುಲುಮೆಯನ್ನು ನಾನೇ ನಡೆಸುತ್ತಿದ್ದೆ. ಹಾಗಾಗಿ ಊರಲ್ಲಿ ಎಲ್ಲರಿಗಿಂತ ಹೆಚ್ಚು ಪೇಚಾಡಿದವಳೂ ನಾನೇ. ಕಾದ ಕುಡುಗೋಲನ್ನು ನೀರಿಗೆ ಹಾಕಿದರೆ ಅದು ಮೇಲೆಯೇ ಚುರ್ರೆನ್ನುತ್ತ ತೊಟ್ಟಿಯ ತುಂಬ ಓಡಾಡುತ್ತಿತ್ತು. ಇಕ್ಕಳದಿಂದ ಒತ್ತಿ ಹಿಡಿಯೋಣವೆಂದರೆ ಇಕ್ಕಳವೂ ಅದರ ಪಕ್ಷವೇ. ಕೊನೆಗೆ ಕಲ್ಲುಚಪ್ಪಡಿಯ ಮೇಲಿಟ್ಟು ನೀರು ಸುರಿಯುವುದನ್ನು ಕಲಿತೆ. ಊರವರೂ ಹೀಗೇ ಒಂದೊಂದು ದಾರಿ ಹುಡುಕಿಕೊಂಡರು. ಕಲ್ಲಿನ ಲಂಗರು ಬಂತು, ಮೂಳೆಯ ಗಾಳ ಬಂತು, ಕೊಡದ ತಳಕ್ಕೊಂದು ಗುಂಡುಕಲ್ಲು ಬಂತು. ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮೆರೆಯುತ್ತಿದ್ದ ಎಣ್ಣೆ ಅಂಗಡಿಯವಳು ಒಂದು ದಿನ ಕಟ್ಟೆಯಿಂದ ಜಾರಿ ಸಮುದ್ರಕ್ಕೆ ಬಿದ್ದಳು. ಸೊಂಟ ಮೇಲಾಗಿ, ತಲೆ ಕೆಳಗಾಗಿ ಒದ್ದಾಡಿದವಳನ್ನು ಹೇಗೋ ಎಳೆದು ತಂದರು. ಮಾರನೆಯ ದಿನದಿಂದ ಆಕೆ ಗೊಂಚಲನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದಳು. ನಮ್ಮೂರಿನ ನೀರಿನಲ್ಲಿ ಮಾತ್ರ ಯಾಕೆ ಹೀಗಾಯಿತು ಎಂದು ಯಾರೂ ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಒಂದೇ ಒಂದು ತುಂಡು ಕಬ್ಬಿಣದ ವಿಷಯದಲ್ಲಿ ತಲೆ ಕೆಡಿಸಿಕೊಳ್ಳದೆ ವಿಧಿಯಿರಲಿಲ್ಲ.

ಅದು ಆಣೆಯ ಕಬ್ಬಿಣ. ನನ್ನ ಮುತ್ತಜ್ಜ ಕಾಯಿಸಿ ಬಡಿದದ್ದು, ಒಂದು ಆಡಿನಮರಿಯಷ್ಟು ದಪ್ಪ. ಆ ಕಾಲದಲ್ಲಿ ಮೂಡಣ ದೊರೆ ದಂಡೆತ್ತಿ ಬಂದಿದ್ದನಂತೆ. ಸಮುದ್ರದಂಡೆಯ ಹದಿನೇಳು ಊರುಗಳು ದೊಡ್ಡೂರಿನ ಜೊತೆ ಕೂಟ ಕಟ್ಟಿದವು. ಪ್ರತಿ ಊರೂ ತನ್ನ ಕೊಲ್ಲಿಯಲ್ಲಿ ಒಂದೊಂದು ಕಬ್ಬಿಣದ ಗಟ್ಟಿಯನ್ನು ಮುಳುಗಿಸಿ, ಈ ಕಬ್ಬಿಣ ತೇಲುವವರೆಗೆ ನಾವು ಒಬ್ಬರನ್ನೊಬ್ಬರು ಬಿಡುವುದಿಲ್ಲ ಎಂದು ಆಣೆ ಮಾಡಿತು. ದೊರೆ ಸೋತು ಮನೆಗೆ ಹೋದ, ಮುದುಕನಾಗಿ ಸತ್ತೂ ಹೋದ. ಕೂಟ ಮಾತ್ರ ಉಳಿಯಿತು. ಮೊದಮೊದಲು ಎಲ್ಲರೂ ಹಡಗು ಕೊಡುತ್ತಿದ್ದೆವು. ಹಡಗು ಕಟ್ಟುವ ತಾಪತ್ರಯ ನಿಮಗ್ಯಾಕೆ, ಮರ ಕೊಡಿ ಸಾಕು ಎಂದರು ದೊಡ್ಡೂರಿನವರು. ಆಮೇಲೆ ಹುಟ್ಟು ಹಾಕಲು ಗಂಡಸರನ್ನು ಕಳಿಸಿ ಎಂದರು. ಆಮೇಲೆ, ಗೆಳೆಯರ ನಡುವೆ ಗೋಡೆ ಯಾಕೆ ಎಂದು ನಮ್ಮ ಕೋಟೆಗೋಡೆಯನ್ನು ನಮ್ಮ ಕೈಯಲ್ಲೇ ಕೆಡವಿಸಿದರು. ಇಷ್ಟಾದರೂ ಅವರ ಬಾಯಲ್ಲಿ ಗೆಳೆತನದ ಮಾತೇ.

ವರ್ಷಕ್ಕೊಮ್ಮೆ, ಅಂಜೂರ ಹಣ್ಣಾಗುವ ಕಾಲಕ್ಕೆ, ದೊಡ್ಡೂರಿನಿಂದ ಒಬ್ಬ ಅಧಿಕಾರಿ ಹಡಗಿನಲ್ಲಿ ಬರುತ್ತಿದ್ದ. ನಾವು ಅವನನ್ನು ನೋಟಗಾರ ಎನ್ನುತ್ತಿದ್ದೆವು. ಅವನೆದುರು ನಮ್ಮ ಮನೆಯ ಒಬ್ಬರು ಮುಳುಗಿ ಕಬ್ಬಿಣವನ್ನು ಮುಟ್ಟಿ ಮೇಲೆ ಬಂದು, "ಕಬ್ಬಿಣ ತಳದಲ್ಲಿದೆ. ಮಾತು ನಿಂತಿದೆ" ಎಂದು ಕೂಗಿ ಹೇಳಬೇಕು. ಮುತ್ತಜ್ಜ ಹೇಳಿದ್ದ, ಅಜ್ಜ ಹೇಳಿದ್ದ, ಅಪ್ಪ ಹೇಳಿದ್ದ. ಒಂಬತ್ತು ವರ್ಷದಿಂದ ನಾನು ಹೇಳುತ್ತಿದ್ದೆ. ನನ್ನ ಗಂಡ ದಾಮೋನನನ್ನು ಹುಟ್ಟು ಹಾಕಲು ಎಳೆದುಕೊಂಡು ಹೋದ ವರ್ಷವೂ ಅದನ್ನೇ ಹೇಳಿದ್ದೆ. ನಿಜ ನಿಜವೇ ತಾನೆ?

ಲಂಗರುಗಳು ಎದ್ದ ಬೆಳಿಗ್ಗೆ ಅದೂ ಎದ್ದಿತ್ತು. ಮೈತುಂಬ ಪಾಚಿ, ಚಿಪ್ಪು. ಮುತ್ತಜ್ಜನ ಸುತ್ತಿಗೆಯ ಗುರುತು ಮಾತ್ರ ಹಾಗೇ ಇತ್ತು. ಫಾನಿಯ ಎಂಬ ಊರ ಹಿರಿಯ, ನಾವೆಲ್ಲ ಮಾವ ಎಂದು ಕರೆಯುವವನು, ಅದನ್ನು ನೋಡಿ ಕೂತುಬಿಟ್ಟ. ಎರಡು ವರ್ಷದ ಹಿಂದೆ ತೆಂಕಣ ದ್ವೀಪದವರು ನಾವು ಕೂಟದಲ್ಲಿರುವುದಿಲ್ಲ ಎಂದಿದ್ದರು. ಅವರ ಊರಿನ ಹುಟ್ಟುಗಾರರನ್ನೆಲ್ಲ ದೊಡ್ಡೂರಿನವರು ಗಣಿಗೆ ಇಳಿಸಿದರು. ಒಬ್ಬನೂ ಹಿಂದಿರುಗಲಿಲ್ಲ.

"ಇದನ್ನ ಕೆಳಗೆ ಕಟ್ಟಿಬಿಡೋಣ ಮಗಳೇ" ಎಂದ ಫಾನಿಯ ಮಾವ. "ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಜಗತ್ತಿನಲ್ಲಿ ಬೇರೆ ಯಾವ ಊರಾದರೂ ಕಬ್ಬಿಣ ತೇಲಿದರೆ ಕುಣಿದಾಡುತ್ತಿತ್ತು. ನಾವು ನಾರಿನ ಹಗ್ಗ ತಂದೆವು. ನಾನೇ ಉಸಿರು ಕಟ್ಟಿ ಆರು ಸಲ ಮುಳುಗಿ, ಆ ಗಟ್ಟಿಯನ್ನು ತಳದ ಬಂಡೆಗೆ ಬಿಗಿದು ಬಂದೆ. ನಮ್ಮ ಬಿಡುಗಡೆಯನ್ನು ನಾವೇ ಕಟ್ಟಿಹಾಕಿದೆವು, ಗಂಟು ಸಡಿಲಾಗಬಾರದೆಂದು ಎರಡೆರಡು ಸಲ ನೋಡಿಯೂ ಬಂದೆವು.

ಬೇಸಿಗೆ ಮುಗಿಯುವ ಹೊತ್ತಿಗೆ ದೊಡ್ಡೂರಿನಿಂದ ಸುದ್ದಿ ಬಂತು. ಅಲ್ಲಲ್ಲಿ ಗೊಣಗಾಟ ಎದ್ದಿರಬೇಕು, ಅದಕ್ಕೇ ಈ ಧಾರಾಳ: ಈ ವರ್ಷ ಯಾವ ಊರಿನಲ್ಲಿ ಆಣೆದಿನ ಸುಸೂತ್ರವಾಗಿ ನಡೆಯುತ್ತದೋ ಆ ಊರಿನ ಒಬ್ಬ ಹುಟ್ಟುಗಾರನನ್ನು ಬಿಟ್ಟುಕೊಡುತ್ತೇವೆ, ಯಾರು ಬೇಕೋ ಊರಿನವರೇ ಹೇಳಿ. ಫಾನಿಯ ಮಾವ ಅಂಜುಬುರುಕನೇ ಹೊರತು ದಡ್ಡನಲ್ಲ. ದಾಮೋನನ ಹೆಸರು ಹೇಳಿ ಕಳಿಸಿದ.

"ನಿನ್ನ ಗಂಡ ಬರ್ತಾನೆ" ಎಂದ ನನಗೆ. "ನೀನು ಆ ಎರಡು ಮಾತು ಹೇಳಿದ್ರೆ ಸಾಕು. ಅದು ಸುಳ್ಳೂ ಅಲ್ವಲ್ಲ. ಕಬ್ಬಿಣ ತಳದಲ್ಲೇ ಇದೆ ತಾನೆ?"

"ಹಗ್ಗ ಹಾಕಿದ್ರಿಂದ ಇದೆ, ಮಾವ."

"ಹಗ್ಗದ ವಿಷಯ ಅವನು ಕೇಳಲ್ಲ, ನೀನು ಹೇಳ್ಬೇಡ."

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗಾಯಿತು ನನಗೆ, ಉಗುಳಲಾರೆ, ನುಂಗಲಾರೆ. ಆದರೂ ನಿಜ ಹೇಳುತ್ತೇನೆ, ಆ ದಿನದಿಂದ ನಾನು ಮನೆಯನ್ನು ಸಾರಿಸತೊಡಗಿದೆ. ದಾಮೋನ್ ಕೂರುತ್ತಿದ್ದ ಮಣೆಯ ಮುರಿದ ಕಾಲನ್ನು ಸರಿಮಾಡಿದೆ. ಆರು ವರ್ಷ ಒಬ್ಬಳೇ ಉಂಡಿದ್ದೆ. ಅವನು ಎದುರು ಕೂತು, ಉಪ್ಪು ಕಡಿಮೆಯಾಯಿತು ಎಂದು ಗೊಣಗುವುದನ್ನು ಕೇಳುವುದಕ್ಕಾಗಿ ನಾನು ಎಂಥ ಮಾತನ್ನಾದರೂ ಹೇಳಲು ತಯಾರಾಗಿದ್ದೆ. ಹಗ್ಗದ ವಿಷಯ ಬಾಯಿ ಬಿಡಬಾರದು ಎಂದು ತೀರ್ಮಾನ ಮಾಡಿಕೊಂಡೆ.

ಆಣೆದಿನದ ಬೆಳಿಗ್ಗೆ ಪಕ್ಕದ ಮನೆಯ ಗ್ಲೌಕಿ ಅಜ್ಜಿ ಒಂದು ಎಲೆಯಲ್ಲಿ ಜವೆಹಿಟ್ಟಿನ ಉಂಡೆ ಕಟ್ಟಿಕೊಂಡು ಬಂದಳು, ಜೇನು ಹಾಕಿ ಮಾಡಿದ್ದು. ಅವಳ ಒಬ್ಬನೇ ಮಗ ಕಿಮೋಲನೂ ದಾಮೋನನ ಜೊತೆಯಲ್ಲೇ ಹೋದವನು.

"ತಗೋ ಮಗಾ, ನಿನ್ನ ಗಂಡಂಗೆ ಕೊಡು. ಹಡಗಲ್ಲಿ ಏನು ತಿಂದಿರ್ತಾನೋ."

"ಅಜ್ಜಿ, ಕಿಮೋಲನ್ನ ಕೇಳ್ಬಹುದಿತ್ತು. ಮಾವ ನನಗೋಸ್ಕರ..."

"ಒಬ್ಬನಾದ್ರೂ ಬರ್ತಾನಲ್ಲ, ಅಷ್ಟೇ ಸಾಕು ಬಿಡು. ಕಿಮೋಲ ಹೇಗಿದಾನೆ ಅಂತ ಒಂದು ಮಾತು ಕೇಳಿ ಹೇಳು." ಅವಳ ಮಾತಿನಲ್ಲಿ ಒಂದಿಷ್ಟೂ ಅಸೂಯೆ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಉಂಡೆಯ ಗಂಟನ್ನು ಕೈಯಲ್ಲಿ ಹಿಡಿದು ನಿಲ್ಲುವುದಕ್ಕೆ ನನಗೆ ನಾಚಿಕೆಯಾಯಿತು.

ಊರವರೆಲ್ಲ ಕಬ್ಬಿಣ ಅನ್ನುವುದನ್ನೇ ಬಚ್ಚಿಟ್ಟಿದ್ದರು. ಎಣ್ಣೆ ಅಂಗಡಿಯವಳು ಕೀಲಿಯಿಲ್ಲದ ಕೊರಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಎಲ್ಲ. ಫಾನಿಯ ಮಾವ ಮುಂದಾಗಿಯೇ ದೋಣಿಯಲ್ಲಿ ಹೋಗಿ, "ಲಂಗರು ಹಾಕೋ ಶ್ರಮ ತಮಗ್ಯಾಕೆ ಒಡೆಯರೇ, ನಮ್ಮ ಹಗ್ಗ ಇದೆ" ಎಂದು ಆ ದೊಡ್ಡ ಹಡಗನ್ನು ದಡದ ಕಂಬಗಳಿಗೆ ಉದ್ದ ಹಗ್ಗಗಳಿಂದ ಕಟ್ಟಿಸಿದ. ಮೂರು ಅಂತಸ್ತಿನಲ್ಲಿ ಹುಟ್ಟುಗಳು. ಅದನ್ನು ಎಳೆಯುವ ನೂರೆಪ್ಪತ್ತು ಜನರೂ ಕೂಟದ ಬೇರೆ ಬೇರೆ ಊರುಗಳವರು. ದೊಡ್ಡೂರಿನವರೆಂದರೆ ನೋಟಗಾರ, ಚುಕ್ಕಾಣಿಯವನು, ಕತ್ತಿ ಕಟ್ಟಿದ ಇಪ್ಪತ್ತು ಕಾವಲಿನವರು, ಅಷ್ಟೇ.

ದಾಮೋನನನ್ನು ಮುಂದುಗಡೆ ನಿಲ್ಲಿಸಿದ್ದರು. ಒಬ್ಬ ಕಾವಲಿನವನು ಅವನ ತೋಳು ಹಿಡಿದಿದ್ದ. ಕೂದಲು ನೆರೆತಿತ್ತು, ಹೆಗಲು ಎತ್ತಿನ ಹೆಗಲಿನ ಹಾಗೆ ಗಡ್ಡೆಕಟ್ಟಿತ್ತು. ನನ್ನನ್ನು ನೋಡಿ ನಗಲಿಲ್ಲ, ಕೈಯೆತ್ತಲಿಲ್ಲ. ಅವನ ಹಿಂದೆ, ಮೇಲಿನ ಸಾಲಿನಲ್ಲಿ, ಕಿಮೋಲ ಹುಟ್ಟು ಹಿಡಿದು ಕೂತಿದ್ದ. ದಡದ ಕಡೆ ಕತ್ತು ಚಾಚಿ ತನ್ನ ಅಮ್ಮನನ್ನು ಹುಡುಕುತ್ತಿದ್ದ.

"ಬೇಗ ಆಗಲಮ್ಮ" ಎಂದ ನೋಟಗಾರ. "ನಮಗೆ ಇನ್ನೂ ನಾಲ್ಕು ಊರಿದೆ."

ನಾನು ಮುಳುಗಿದೆ. ಸೊಂಟದಲ್ಲಿ ಕಂಚಿನ ಚೂರಿ ಇತ್ತು. ಪಾಚಿ ಕೆರೆಯುವುದಕ್ಕೆ ಯಾವಾಗಲೂ ಇಟ್ಟುಕೊಳ್ಳುತ್ತೇನೆ, ಆ ದಿನ ಬೇರೆ ಉದ್ದೇಶವೇನೂ ಇರಲಿಲ್ಲ, ಇದನ್ನು ಯಾರು ಬೇಕಾದರೂ ನಂಬಬಹುದು. ತಳದಲ್ಲಿ ಆ ಗಟ್ಟಿ ಬಂಡೆಯ ಮೇಲೆ ನಿಂತಿತ್ತು. ಅಲ್ಲ, ನಿಂತಿರಲಿಲ್ಲ. ಕಟ್ಟಿಹಾಕಿದ ಕರು ತಾಯಿಯ ಕೂಗು ಕೇಳಿ ಜಗ್ಗುವ ಹಾಗೆ ಹಗ್ಗವನ್ನು ಮೇಲಕ್ಕೆ ಜಗ್ಗುತ್ತಿತ್ತು. ಎಂಟು ತಿಂಗಳು ಹೀಗೇ ಜಗ್ಗಿರಬೇಕು, ಹಗ್ಗ ಉಜ್ಜಿ ಉಜ್ಜಿ ಬಂಡೆಯಲ್ಲಿ ಗೆರೆ ಬಿದ್ದಿತ್ತು. ನಾನು ಅದರ ಮೇಲೆ ಕೈಯಿಟ್ಟೆ. ಮುಟ್ಟಿದ್ದಾಯಿತು. ಇನ್ನು ಮೇಲೆ ಹೋಗಿ ಎರಡು ಮಾತು ಹೇಳಿದರೆ ಆಯಿತು.

ದಾಮೋನ್ ಮನೆಗೆ ಬರುತ್ತಾನೆ, ಮಣೆಯ ಮೇಲೆ ಕೂರುತ್ತಾನೆ ಎಂದುಕೊಂಡೆ. ಗ್ಲೌಕಿ ಅಜ್ಜಿಯ ಉಂಡೆಯನ್ನು ಅವನ ಕೈಗೆ ಕೊಡುತ್ತೇನೆ. ಗೋಡೆಯಾಚೆ ಅಜ್ಜಿ ಒಬ್ಬಳೇ ಒಲೆ ಊದುವ ಸದ್ದು ಕೇಳುತ್ತದೆ. ಆಗ ಅವನು ನನ್ನ ಮುಖ ನೋಡಿ ಏನು ಕೇಳುತ್ತಾನೆ, ನಾನು ಏನು ಹೇಳುತ್ತೇನೆ? ಇದಿಷ್ಟೂ ಒಂದು ಉಸಿರಿನೊಳಗೆ ಬಂದು ಹೋಯಿತು. ಕಟ್ಟಿದ್ದು ನನ್ನ ಕೈ, ಬಿಚ್ಚಬೇಕಾದದ್ದೂ ಅದೇ ಕೈ. ಚೂರಿ ತೆಗೆದು ಹಗ್ಗ ಕುಯ್ದೆ.

ಗಟ್ಟಿ ನನಗಿಂತ ಮೊದಲು ಮೇಲೆ ಹೋಯಿತು. ನಾನು ತಲೆ ಎತ್ತುವಾಗ ಅದು ಹಡಗಿಗೂ ನನಗೂ ನಡುವೆ ಕುಣಿಯುತ್ತಿತ್ತು. ನಾನು ಉಸಿರೆಳೆದುಕೊಂಡು, ಅಪ್ಪ ಕಲಿಸಿದ ದನಿಯಲ್ಲೇ ಕೂಗಿದೆ: "ಕಬ್ಬಿಣ ತೇಲಿದೆ. ಮಾತು ಮುಗಿದಿದೆ."

ನೋಟಗಾರ ಬಗ್ಗಿ ನೋಡಿದ. ಆಮೇಲೆ ನಕ್ಕ. "ಮರಕ್ಕೆ ಮಸಿ ಬಳಿದಿದೀರಾ? ನನ್ನನ್ನ ಯಾರು ಅಂದ್ಕೊಂಡಿದೀರಿ? ಏಯ್, ನಮ್ಮ ಲಂಗರು ಇಳಿಸ್ರೋ! ಕಬ್ಬಿಣ ಅಂದ್ರೆ ಏನು ಅಂತ ಈ ಹಳ್ಳಿಯವರಿಗೆ ತೋರಿಸೋಣ."

ನಾಲ್ಕು ಜನ ಸೇರಿ ಲಂಗರನ್ನು ಎತ್ತಿ ನೀರಿಗೆ ದೂಡಿದರು. ದೊಡ್ಡೂರಿನ ಅಚ್ಚಿದ್ದ ದೊಡ್ಡ ಲಂಗರು. ಅದು ಬಿದ್ದ ರಭಸಕ್ಕೆ ನೀರು ನನ್ನ ಮುಖಕ್ಕೆ ರಾಚಿತು. ಕಣ್ಣೊರೆಸಿಕೊಂಡು ನೋಡಿದರೆ ಮುತ್ತಜ್ಜನ ಗಟ್ಟಿಯ ಪಕ್ಕದಲ್ಲಿ ಅದೂ ತೇಲುತ್ತಿತ್ತು.

ಹುಟ್ಟಿನ ತೂತುಗಳಿಂದ ಮುಖಗಳು ಒಂದೊಂದಾಗಿ ಹೊರಬಂದವು. ಆ ನೂರೆಪ್ಪತ್ತು ಜನರ ಊರೂರುಗಳಲ್ಲೂ ಇದೇ ಆಣೆ. ಯಾರಿಗೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹಿಡೀರಿ ಅವಳನ್ನ!" ನೋಟಗಾರ ಅರಚಿದ. "ಹಗ್ಗ ಕತ್ತರಿಸಿ! ಹುಟ್ಟು ಹಾಕ್ರೋ! ಅವಳ ಮೇಲೇ ಹಾಯಿಸಿ!"

ಕಾವಲಿನವರು ಹಗ್ಗ ಕತ್ತರಿಸಿದರು. ಹಡಗಿನ ಮೂತಿ ನನ್ನ ಕಡೆಗೇ ಇತ್ತು. ಈಜಿ ತಪ್ಪಿಸಿಕೊಳ್ಳಬೇಕು ಎಂದು ತಲೆಗೆ ಹೊಳೆಯಿತೇ ಹೊರತು ಕಾಲು ಆಡಲಿಲ್ಲ. ಆದರೆ ಹುಟ್ಟು ಅಲ್ಲಾಡಲಿಲ್ಲ. ನೋಟಗಾರ ಮತ್ತೆ ಕೂಗಿದ. ಆಗ ಕೆಳಗಿನ ಸಾಲಿನಲ್ಲಿ ಯಾರೋ ಒಬ್ಬ, ಯಾವ ಊರಿನವನೋ ನನಗೆ ಇವತ್ತಿಗೂ ತಿಳಿಯದು, ತನ್ನ ಹುಟ್ಟನ್ನು ಒಳಗೆ ಎಳೆದುಕೊಂಡ. ಅದು ಮರಕ್ಕೆ ತಾಗಿದ ಸದ್ದು ದಡದವರೆಗೂ ಕೇಳಿತು. ಆಮೇಲೆ ಕಿಮೋಲ. ಆಮೇಲೆ ಎಲ್ಲರೂ. ನೂರೆಪ್ಪತ್ತು ಹುಟ್ಟುಗಳು ಒಳಗೆ ಹೋದವು, ಹಡಗು ನೀರಿನ ಮೇಲೆ ಸುಮ್ಮನೆ ನಿಂತಿತು. ನನಗೆ ಅಳು ಬಂತು.

ಕಾವಲಿನವರು ಕತ್ತಿ ಹಿರಿದರು. ಹಿರಿದವರು ಸುತ್ತ ನೋಡಿದರು, ಇಪ್ಪತ್ತು ಎಲ್ಲಿ, ನೂರೆಪ್ಪತ್ತು ಎಲ್ಲಿ. ದಾಮೋನನ ತೋಳು ಹಿಡಿದಿದ್ದವನು ಇನ್ನೂ ಎಳೆಯ ಪ್ರಾಯದವನು. ಅವನು ಯಾರನ್ನೂ ಕೇಳದೆ ತನ್ನ ಸೊಂಟದ ಬಾಕನ್ನು ತೆಗೆದು ನೀರಿಗೆ ಹಾಕಿ ನೋಡಿದ. ಅದು ತೇಲಿತು. ಅವನು "ಅಯ್ಯೋ!" ಎಂದು ಚಪ್ಪಾಳೆ ತಟ್ಟಿದ, ಅದಕ್ಕಾಗಿ ತೋಳು ಬಿಡಬೇಕಾಯಿತು. ದಾಮೋನ್ ಅಷ್ಟಕ್ಕೇ ಕಾದಿದ್ದವನ ಹಾಗೆ ಧುಮುಕಿದ.

ಧುಮುಕಿದ ಎಂದರೆ ಹೊಟ್ಟೆ ಬಡಿದು ಬಿದ್ದ. ಮೊದಲಿನಿಂದಲೂ ಅವನ ಈಜು ಅಷ್ಟಕ್ಕಷ್ಟೇ. ಒದ್ದಾಡುತ್ತ ಬಂದು ಆಣೆಯ ಕಬ್ಬಿಣವನ್ನು ತಬ್ಬಿಕೊಂಡ. ಇನ್ನೊಂದು ಪಕ್ಕವನ್ನು ನಾನು ಹಿಡಿದುಕೊಂಡೆ. ಇಬ್ಬರೂ ಅದರ ಮೇಲೆ ಗದ್ದವಿಟ್ಟು, ಕಾಲು ಬಡಿಯುತ್ತ ದಡದ ಕಡೆ ಹೊರಟೆವು.

"ಕಬ್ಬಿಣ ಎದ್ದದ್ದು ಕಂಡ್ಮೇಲೂ ಎಲ್ಲಿ ಸುಳ್ಳು ಹೇಳಿಬಿಡ್ತೀಯೋ ಅಂತ ಜೀವ ಬಾಯಿಗೆ ಬಂದಿತ್ತು ಕಣೆ" ಎಂದ ಏದುಸಿರು ಬಿಡುತ್ತ.

"ಹೇಳೋಣ ಅಂತಾನೇ ಇಳಿದಿದ್ದೆ ಕಣ್ರೀ."

ಅವನು ಕಾಲು ಬಡಿಯುವುದನ್ನು ನಿಲ್ಲಿಸಿದ. "ನನಗೋಸ್ಕರಾನ?"

"ಮತ್ತಿನ್ಯಾರಿಗೋಸ್ಕರ?"

ಅವನು ಆ ಕಬ್ಬಿಣದ ಮೇಲಿಂದಲೇ ಕೈ ಚಾಚಿ ನನ್ನ ಒದ್ದೆ ತಲೆಯನ್ನು ಒಂದು ಸಲ ಸವರಿದ. ಆರು ವರ್ಷ ಆಯಿತು ಎಂಬುದು ಆಗ ನನಗೆ ನಿಜವಾಗಿ ಅನ್ನಿಸಿತು.

ನೋಟಗಾರನಿಗೂ ಅವನ ಕಾವಲಿನವರಿಗೂ ನಾವೇನೂ ಕೇಡು ಮಾಡಲಿಲ್ಲ. ಕತ್ತಿ ಇಳಿಸಿಕೊಂಡು ಎರಡು ಮೀನುದೋಣಿ ಕೊಟ್ಟೆವು. ಫಾನಿಯ ಮಾವ, ಅಂಜುತ್ತಲೇ, ಒಂದು ಬುಟ್ಟಿ ಅಂಜೂರವನ್ನೂ ಇಟ್ಟ. ಹುಟ್ಟು ಮಾತ್ರ ಅವರೇ ಹಾಕಿಕೊಳ್ಳಬೇಕಾಯಿತು. ನೋಟಗಾರನ ದೋಣಿ ಬಹಳ ಹೊತ್ತು ಒಂದೇ ಕಡೆ ಗಿರಗಿರ ಸುತ್ತಿತು. ದಡದಲ್ಲಿ ಕೂತ ಹುಟ್ಟುಗಾರರು ಪಾಪ ಎಂದು ಕೂಗಿ ಕೂಗಿ ಹೇಳಿಕೊಟ್ಟರು. ಬಾಕು ಎಸೆದ ಆ ಹುಡುಗ ದೋಣಿ ಹತ್ತಲಿಲ್ಲ, ಈಗ ನನ್ನ ಕುಲುಮೆಯಲ್ಲಿ ತಿದಿ ಒತ್ತುತ್ತಾನೆ. ಗ್ಲೌಕಿ ಅಜ್ಜಿಯ ಉಂಡೆಗಳನ್ನು ಕಿಮೋಲನೇ ಮುಗಿಸಿದ, ನನ್ನವನಿಗೆ ಒಂದೂ ಸಿಗಲಿಲ್ಲ.

ದೊಡ್ಡೂರು ಸುಮ್ಮನಿರುತ್ತದೆಯೇ ಎಂದು ಕೇಳಿದವನು ಫಾನಿಯ ಮಾವನೇ. ಅವರಲ್ಲಿ ಇನ್ನೂ ಮುನ್ನೂರು ಹಡಗುಗಳಿವೆ. "ಮುನ್ನೂರೂ ಇದೆ ಮಾವ" ಎಂದ ದಾಮೋನ್, "ಎಳೆಯೋರು ನಾವೇ ಅಲ್ವಾ? ಊರೂರಿಗೆ ಹೋಗಿ ಹೇಳಿದ್ರಾಯ್ತು." ಹೇಳುವುದು ಸರಿ, ನಂಬುವವರು ಯಾರು? ಕಬ್ಬಿಣ ತೇಲುವುದು ನಮ್ಮೂರ ನೀರಿನಲ್ಲಿ ಮಾತ್ರ. ಕೊನೆಗೆ ನಾನೇ ಒಂದು ದೊಡ್ಡ ಮಣ್ಣಿನ ಗಡಿಗೆಯ ತುಂಬ ನಮ್ಮ ಕೊಲ್ಲಿಯ ನೀರು ತುಂಬಿ, ಒಂದು ಹಿಡಿ ಮೊಳೆ ಬಡಿದುಕೊಂಡು, ಅದೇ ಹಡಗು ಹತ್ತಿದೆ. ದಾಮೋನ್ ಮತ್ತೆ ಹುಟ್ಟಿಗೆ ಕೂತ. ಮೂರು ದಿನವೂ ಮನೆಯಲ್ಲಿ ಇದ್ದಿರಲಿಲ್ಲ. ಆದರೆ ಈ ಸಲ ಅವನು ಹಾಡು ಹೇಳುತ್ತ ಎಳೆದ, ಅದೂ ಅಪಸ್ವರದಲ್ಲಿ.

ಎರಡನೆಯ ದಿನ ನಡುಹಗಲಿಗೆ ಮೊದಲ ಊರು ಸಿಕ್ಕಿತು. ಲಂಗರು ಇಳಿಸಿದರೆ ಗುಳುಂ ಎಂದು ತಳಕ್ಕೆ ಹೋಯಿತು. ನಾನು ಗಡಿಗೆಯನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡೆ. ಊರಿನವರು ಅಂಜುತ್ತ ಅಂಜುತ್ತ ಕಟ್ಟೆಗೆ ಬಂದರು. ಗಡಿಗೆಯನ್ನು ಅವರ ನಡುವೆ ಇಟ್ಟು, ಅವರ ಕಮ್ಮಾರ ಮುದುಕನ ಕೈಗೆ ಒಂದು ಮೊಳೆ ಕೊಟ್ಟು, ಹಾಕಿ ನೋಡಿ ಎಂದೆ. ಅವನು ಹಾಕಿದ. ಮೊಳೆ ಮುಳುಗಿತು. ಇನ್ನೊಂದು ಕೊಟ್ಟೆ, ಅದೂ ಮುಳುಗಿತು. ಹಿಡಿ ಖಾಲಿಯಾಯಿತು. ಮೊಳೆಗಳೆಲ್ಲ ಗಡಿಗೆಯ ತಳದಲ್ಲಿ ಬಿದ್ದಿದ್ದವು. ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ನನಗೆ ತಿಳಿಯಲಿಲ್ಲ.

"ನಮ್ಮನ್ನ ಗಣಿಗೆ ಕಳಿಸೋಕೆ ಬಂದಿದೀಯೇನಮ್ಮ?" ಎಂದ ಮುದುಕ.

ಆಗ ಗುಂಪಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ನನ್ನನ್ನೂ ನೋಡಲಿಲ್ಲ, ಗಡಿಗೆಯನ್ನೂ ನೋಡಲಿಲ್ಲ. ನನ್ನ ಹಿಂದೆ ಹಡಗಿನಿಂದ ಇಳಿಯುತ್ತಿದ್ದ ಕುಳ್ಳ ಹುಟ್ಟುಗಾರನೊಬ್ಬನ ಎದುರು ನಿಂತು, ಅವನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಕಬ್ಬಿಣ ತೇಲೋವರೆಗೂ ಇವನು ಬರಲ್ಲ ಅಂದಿದ್ರು" ಎಂದಳು ಮುದುಕನ ಕಡೆ ತಿರುಗಿ. "ಬಂದಿದಾನಲ್ಲ. ಇನ್ನು ಆ ಮೊಳೆ ಕಟ್ಕೊಂಡು ನನಗೇನಾಗ್ಬೇಕು?"

ಮುದುಕ ಗಡಿಗೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಆಮೇಲೆ ಗಡಿಗೆಯೊಳಗೆ ಕೈ ಹಾಕಿ ಮೊಳೆಗಳನ್ನೆಲ್ಲ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ ನನಗೆ ಕೊಟ್ಟ. "ಇಟ್ಕೋ ತಾಯಿ, ಒಳ್ಳೇ ಮೊಳೆ. ಊಟಕ್ಕೆ ನಡೀರಿ ಎಲ್ಲ."

ಆ ಊರಿನವರು ಇದ್ದಬದ್ದದ್ದನ್ನೆಲ್ಲ ಅಟ್ಟು ಬಡಿಸಿದರು. ಅವರ ಹನ್ನೊಂದು ಜನ ಹುಟ್ಟುಗಾರರು ಮನೆಮನೆಯಲ್ಲಿ ಮಲಗಿದರು. ಬೆಳಿಗ್ಗೆ ಹೊರಡುವಾಗ ಆ ಹನ್ನೊಂದೂ ಜನ ಯಾರೂ ಕರೆಯದೆ ಬಂದು ಹಡಗು ಹತ್ತಿದರು, ಮುಂದಿನ ಊರಿನವರನ್ನು ಮುಟ್ಟಿಸಿ ಬರುತ್ತೇವೆ ಎಂದರು. ದಾಮೋನ್ ಲಂಗರು ಎತ್ತಲು ಹೋದ. ಎತ್ತುವ ಕೆಲಸ ಇರಲಿಲ್ಲ. ಅದು ಆಗಲೇ ಎದ್ದು ಹಡಗಿನ ಪಕ್ಕಕ್ಕೆ ಬಂದು ನಮಗಾಗಿ ಕಾಯುತ್ತಿತ್ತು.